ಕಾಯಲಿನ ಮೇಲೆ ಮೋಡವಿಲ್ಲ

ದಿನಕ್ಕೆ ನಾಲ್ಕು ಸಲ ಮಹಡಿ ಹತ್ತಿ ಆಕಾಶ ನೋಡುವುದಕ್ಕೆ ಸರಕಾರ ಸಂಬಳ ಕೊಡುತ್ತದೆ ಎಂದರೆ ಕಾಸರಗೋಡಿನ ಕಡೆಯ ಬಾಯಾರಿನಲ್ಲಿ ಯಾರೂ ನಂಬುತ್ತಿರಲಿಲ್ಲ. ಚಂದ್ರಾವತಿಗೆ ಆ ಕೆಲಸ ಸಿಕ್ಕಿದಾಗ ಅವರ ದೊಡ್ಡಮ್ಮ ಗಲ್ಲಕ್ಕೆ ಕೈಯಿಟ್ಟು, "ಆಕಾಶ ನೋಡ್ಲಿಕ್ಕೆ ನೂಕುನುಗ್ಗಲು ಎಂತಕ್ಕೆ ಅಂತ ಗಾದೆ ಉಂಟು. ಇಲ್ಲಿ ನೋಡಿದ್ರೆ ಪರೀಕ್ಷೆ ಬೇರೆ ಕಟ್ಟಿ ಪಾಸಾಗ್ಬೇಕಂತೆ!" ಎಂದಿದ್ದರು.

ಅದು 1983ರ ಮಾತು. ಇಪ್ಪತ್ತಮೂರು ವರ್ಷದ ಚಂದ್ರಾವತಿ ಬಿ.ಎಸ್ಸಿ. ಮುಗಿಸಿ, ಒಂದು ಟ್ರಂಕು ಮತ್ತು ಅರ್ಧ ಡಬ್ಬಿ ಮಾವಿನ ಮಿಡಿ ಉಪ್ಪಿನಕಾಯಿಯೊಂದಿಗೆ ರೈಲು ಹತ್ತಿ ತಿರುವನಂತಪುರಕ್ಕೆ ಬಂದರು. ಹವಾಮಾನ ವೀಕ್ಷಕಿಯ ಹುದ್ದೆ. ತರಬೇತಿ ಕೊಡುತ್ತಿದ್ದವರು ಶಂಕರನಾರಾಯಣ ಎಂಬ ಹಿರಿಯ ವೀಕ್ಷಕರು. ಕೈಯಲ್ಲಿ ಯಾವಾಗಲೂ ಮಡಚಿದ ಕೊಡೆ, ಬಾಯಲ್ಲಿ ಏಲಕ್ಕಿ. ಮೊದಲ ವಾರವೇ ಅವರು ಚಂದ್ರಾವತಿಯನ್ನೂ ಇನ್ನಿಬ್ಬರನ್ನೂ ಬಸ್ಸಿನಲ್ಲಿ ತುಂಬಾ ಎಂಬ ಊರಿನ ಕಡಲ ದಂಡೆಗೆ ಕರೆದುಕೊಂಡು ಹೋದರು. ಬೆಸ್ತರ ಹೆಂಗಸರು ಬಲೆ ಒಣಗಿಸುತ್ತಿದ್ದ ಮರಳಿನ ಮೇಲೆ ಮೂವರನ್ನೂ ಕೂರಿಸಿದರು.

"ಒಬ್ಬೊಬ್ಬರೂ ಒಂದೊಂದು ಮೋಡ ಆರಿಸಿಕೊಳ್ಳಿ. ಚಿಕ್ಕದಾಗಿರಲಿ. ಅದು ಮುಗಿಯುವ ತನಕ ಕಣ್ಣು ತೆಗೆಯಬಾರದು" ಎಂದರು ಮಲಯಾಳದಲ್ಲಿ.

ಚಂದ್ರಾವತಿ ತೆಂಗಿನತೋಟದ ಮೇಲೆ ಆಗಷ್ಟೇ ಮೂಡಿದ್ದ ಅಂಗೈಯಗಲದ ಒಂದು ಮೋಡವನ್ನು ಆರಿಸಿಕೊಂಡರು. ಅದು ಉಬ್ಬಿತು. ತಲೆಯ ಮೇಲೆ ಹೂಕೋಸಿನಂಥ ಗಂಟುಗಳೆದ್ದವು. ಅಡಿ ಮಾತ್ರ ಚಾಕುವಿನಿಂದ ಕತ್ತರಿಸಿದ ಹಾಗೆ ಚಪ್ಪಟೆಯಾಗಿಯೇ ಉಳಿಯಿತು. ಆಮೇಲೆ ಅಂಚು ಪಿಸಿಯತೊಡಗಿ, ನಡುವೆ ತೂತು ಬಿದ್ದು, ನೋಡುನೋಡುತ್ತಿದ್ದಂತೆ ನೀಲಿ ಮಾತ್ರ ಉಳಿಯಿತು.

"ಎಷ್ಟು ಹೊತ್ತು ಇತ್ತು, ಕುಟ್ಟಿ?" ಎಂದರು ಶಂಕರನಾರಾಯಣರು, ಮಗುವನ್ನು ಕೇಳುವ ಹಾಗೆ.

"ಹದಿನೆಂಟು ನಿಮಿಷ, ಸಾರ್."

"ನೋಡು, ನೀನು ಬರೆಯುವ ಮೋಡ ನಿನ್ನ ವರದಿ ಮೇಲಧಿಕಾರಿಗೆ ಮುಟ್ಟುವಷ್ಟರಲ್ಲಿ ಸತ್ತಿರುತ್ತದೆ. ಮತ್ತೆ ಹೋಗಿ ನೋಡುವುದಕ್ಕೆ ಯಾರಿಂದಲೂ ಆಗುವುದಿಲ್ಲ. ಅದಕ್ಕೇ ಕಂಡದ್ದನ್ನೇ ಬರೆಯಬೇಕು."

ಆಕಾಶವನ್ನು ಎಂಟು ಪಾಲು ಮಾಡಿ ಎಷ್ಟು ಪಾಲಿನಲ್ಲಿ ಮೋಡವಿದೆ ಎಂದು ಬರೆಯುವುದು, ಯಾವ ಜಾತಿಯ ಮೋಡ, ಅದರ ಅಡಿ ಎಷ್ಟು ಎತ್ತರದಲ್ಲಿದೆ ಎಂದು ಅಂದಾಜು ಮಾಡುವುದು, ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರನ್ನೂ ಸುತ್ತದ್ದನ್ನೂ ಓದುವುದು. ಇದನ್ನು ಬೆಳಿಗ್ಗೆ ಎಂಟೂವರೆ, ಹನ್ನೊಂದೂವರೆ, ಮಧ್ಯಾಹ್ನ ಎರಡೂವರೆ, ಸಂಜೆ ಐದೂವರೆಗೆ ಮಾಡುತ್ತ ಚಂದ್ರಾವತಿಯವರ ಹರೆಯ ಕಳೆಯಿತು. ನಡುವೆ ಮದುವೆಯಾಯಿತು. ಗಂಡ ರಾಮದಾಸ ಕುಂಬಳೆಯವರು; ನ್ಯಾಯಾಲಯದ ಕಾಗದಪತ್ರಗಳನ್ನು ಕನ್ನಡದಿಂದ ಮಲಯಾಳಕ್ಕೂ ಮಲಯಾಳದಿಂದ ಕನ್ನಡಕ್ಕೂ ಅನುವಾದಿಸುವ ಕೆಲಸ. ಮಗಳು ದೀಪ್ತಿ ಹುಟ್ಟಿದಳು. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತಿತ್ತು, ಆದರೆ ಉತ್ತರ ಮಾತ್ರ ಮಲಯಾಳದಲ್ಲೇ. ಶಾಲೆಗೆ ಹೊರಡುವಾಗ ದಿನಾ ಅದೇ ಪ್ರಶ್ನೆ: "ಅಮ್ಮೇ, ಮಳ ಪೆಯ್ಯುಮೋ?" ಮಳೆ ಬರುತ್ತದಾ ಎಂದು ತಾಯಿಯನ್ನು ಕೇಳಿಕೊಂಡೇ ಅವಳು ಕೊಡೆ ಮುಟ್ಟುತ್ತಿದ್ದಳು.

2003ರಲ್ಲಿ ರಾಮದಾಸರಿಗೆ ಕೊಚ್ಚಿಗೆ ವರ್ಗವಾಯಿತು. ಚಂದ್ರಾವತಿಯವರೂ ಕೇಳಿಕೊಂಡು ಅಲ್ಲಿಗೇ ಬಂದರು. ಕಾಯಲಿನ, ಎಂದರೆ ಹಿನ್ನೀರಿನ, ಪೂರ್ವದ ದಂಡೆಯ ಒಂದು ಪುಟ್ಟ ವೀಕ್ಷಣಾ ಕೇಂದ್ರ. ಅದರ ಹೆಸರು ಇಲ್ಲಿ ಬೇಡ. ಮೂರು ಕೋಣೆ, ಒಂದು ಮಹಡಿ, ಎದುರಿಗೆ ಸಮುದ್ರಕ್ಕೆ ತೆರೆದುಕೊಂಡ ಅಗಲವಾದ ಹಿನ್ನೀರು. ಆಚೆ ದಡದಲ್ಲಿ ಮಟ್ಟಾಂಚೇರಿ, ಅದರಾಚೆ ಕಡಲು.

ಮಟ್ಟಾಂಚೇರಿಯಲ್ಲಿ ಅವರಿಗೆ ಇಸ್ಮಾಯಿಲರ ಪರಿಚಯವಾಯಿತು. ಒಳ್ಳೆಮೆಣಸು ಕೊಳ್ಳಲು ಒಂದು ಗೋದಾಮಿಗೆ ಹೋಗಿ ಚಂದ್ರಾವತಿ ಕನ್ನಡದ ಧಾಟಿಯ ಮಲಯಾಳದಲ್ಲಿ ಚೌಕಾಸಿ ಮಾಡುತ್ತಿದ್ದಾಗ, ತಕ್ಕಡಿ ಹಿಡಿದಿದ್ದ ಮನುಷ್ಯ ನಕ್ಕು, "ಅಕ್ಕ, ಕನ್ನಡದಲ್ಲೇ ಹೇಳಿ. ನನ್ನದು ಕಾಸರಗೋಡಿನ ಉಪ್ಪಳ" ಎಂದಿದ್ದರು. ಊರು ಬಿಟ್ಟು ಇಪ್ಪತ್ತು ವರ್ಷವಾಗಿದ್ದರೂ ಇಸ್ಮಾಯಿಲರ ಕನ್ನಡ ಕಡಲ ಗಾಳಿಗೆ ತುಕ್ಕು ಹಿಡಿದಿರಲಿಲ್ಲ. ಜನವರಿಯಿಂದ ಏಪ್ರಿಲಿನ ತನಕ ಅವರ ಗೋದಾಮಿನ ಅಂಗಳದ ತುಂಬ ಒಣಶುಂಠಿ ಹರಡಿರುತ್ತಿತ್ತು. ಒಂದು ಮಳೆ ಬಿದ್ದರೆ ಬೂಸಲು ಹಿಡಿದು ಹಾಳು. ಆದ್ದರಿಂದ ಚಂದ್ರಾವತಿಯವರ ಕೆಲಸ ಏನೆಂದು ತಿಳಿದ ದಿನದಿಂದ ಅವರು ಬೆಳಿಗ್ಗೆ ಫೋನ್ ಮಾಡತೊಡಗಿದರು.

"ಅಕ್ಕ, ಇವತ್ತು ಹರಡ್ಬಹುದಾ? ಮೋಡ ತುಂಬ ಉಂಟಲ್ಲ."

"ಹರಡಿ ಮಾರಾಯ್ರೆ. ಅದೆಲ್ಲ ಒಳ್ಳೆ ದಿನದ ಮೋಡ. ಅಡಿ ಚಪ್ಪಟೆ, ಮೈ ಗಿಡ್ಡ. ಒಂದು ಹನಿ ಬೀಳುದಿಲ್ಲ."

"ಮೋಡ ಇದ್ದೂ ಮಳೆ ಬರುದಿಲ್ಲ ಅಂದ್ರೆ ಹೇಗೆ?"

ಚಂದ್ರಾವತಿ ಒಂದು ದಿನ ಗೋದಾಮಿನಲ್ಲಿ ಚಹಾ ಕುಡಿಯುತ್ತ ಇದನ್ನು ಬಿಡಿಸಿ ಹೇಳಿದರು. ಬಿಸಿಲಿಗೆ ನೆಲ ಕಾಯುತ್ತದೆ. ನೆಲಕ್ಕೆ ತಾಗಿದ ಗಾಳಿಯೂ ಕಾದು ಹಗುರಾಗಿ, ದೊಡ್ಡ ಗುಳ್ಳೆಯ ಹಾಗೆ ನೆಲ ಬಿಟ್ಟು ಏಳುತ್ತದೆ. ಮೇಲೆ ಹೋದಷ್ಟೂ ಸುತ್ತಲಿನ ಒತ್ತಡ ಕಡಿಮೆ. ಗುಳ್ಳೆ ಹಿಗ್ಗುತ್ತದೆ, ಹಿಗ್ಗಿದಷ್ಟೂ ತಣಿಯುತ್ತದೆ. ನೂರು ಮೀಟರಿಗೆ ಒಂದು ಡಿಗ್ರಿಯ ಲೆಕ್ಕ. ಒಂದು ಎತ್ತರದಲ್ಲಿ ಅದರೊಳಗಿನ ನೀರಾವಿ ಇನ್ನು ಆವಿಯಾಗಿ ಇರಲಾರದೆ ಸಣ್ಣಸಣ್ಣ ಹನಿಯಾಗುತ್ತದೆ. ಅದೇ ಮೋಡದ ಅಡಿ. ಆ ದಿನ ಆ ಊರಿನ ಎಲ್ಲ ಗುಳ್ಳೆಗಳಿಗೂ ಹೆಚ್ಚುಕಡಿಮೆ ಅದೇ ಎತ್ತರ, ಅದಕ್ಕೇ ಎಲ್ಲ ಮೋಡಗಳ ಅಡಿಯೂ ಒಂದೇ ಸಾಲಿಗೆ ಚಪ್ಪಟೆ. ಅದರ ಮೇಲೆ ಬೆಚ್ಚಗಿನ ಒಣ ಗಾಳಿಯ ಒಂದು ಪದರ ಮುಚ್ಚಳದ ಹಾಗೆ ಕೂತಿದ್ದರೆ ಮೋಡ ಅಲ್ಲಿಗೇ ನಿಲ್ಲುತ್ತದೆ. ಹನಿ ದಪ್ಪವಾಗಿ ಬೀಳುವಷ್ಟು ಆಯುಸ್ಸೇ ಅದಕ್ಕಿಲ್ಲ.

ಇಸ್ಮಾಯಿಲ್ ಚಹಾದ ಕೆಟಲನ್ನು ತೋರಿಸಿ, "ಇದರ ಹಾಗಾ? ಮೂತಿಯ ಹತ್ತಿರ ಹೊಗೆ ಇಲ್ಲ, ಸ್ವಲ್ಪ ದೂರದಲ್ಲಿ ಮಾತ್ರ ಕಾಣ್ತದೆ" ಎಂದರು.

ಚಂದ್ರಾವತಿ ಕೆಟಲನ್ನೇ ದಿಟ್ಟಿಸಿದರು. ಹೌದು, ಮೂತಿಗೂ ಬಿಳಿ ಉಗಿಗೂ ನಡುವೆ ಎರಡು ಬೆರಳು ಜಾಗ ಖಾಲಿಯಿತ್ತು. "ನೀವು ಇಲಾಖೆಗೆ ಬರ್ಬೇಕಿತ್ತು" ಎಂದರು. "ಒಂದೇ ನೆನಪಿಟ್ಟುಕೊಳ್ಳಿ. ಹನ್ನೊಂದು ಗಂಟೆಗೆ ಮೋಡ ಅಗಲಕ್ಕಿಂತ ಎತ್ತರ ಹೆಚ್ಚು ಕಂಡ್ರೆ ಟಾರ್ಪಾಲು ಹೊದೆಸಿ. ಫೋನ್ ಮಾಡ್ಲಿಕ್ಕೆ ನಿಲ್ಬೇಡಿ."

ಹೀಗೆ ಎರಡು ವರ್ಷ ಸುಖವಾಗಿ ಸಾಗಿತು. 2006ರ ಜನವರಿಯಲ್ಲಿ ಕೇಂದ್ರಕ್ಕೆ ಒಂದು ಯಂತ್ರ ಬಂತು.

ಅದು ಮೋಡದ ಎತ್ತರ ಅಳೆಯುವ ಲೇಸರ್ ಯಂತ್ರ. ನೋಡಲು ಅಂಚೆಪೆಟ್ಟಿಗೆಗೆ ಕಾಲು ಬಂದ ಹಾಗಿತ್ತು. ನೆಟ್ಟಗೆ ಮೇಲಕ್ಕೆ ಕಣ್ಣಿಗೆ ಕಾಣದ ಬೆಳಕಿನ ಮಿಡಿತ ಕಳಿಸುತ್ತದೆ. ಮೋಡಕ್ಕೆ ತಾಗಿ ಅದು ಹಿಂದಿರುಗಲು ಎಷ್ಟು ಹೊತ್ತಾಯಿತು ಎಂದು ಎಣಿಸಿ ಎತ್ತರ ಹೇಳುತ್ತದೆ. ಅರ್ಧ ಗಂಟೆಯಲ್ಲಿ ತಲೆಯ ಮೇಲೆ ಎಷ್ಟು ಮೋಡ ಹಾದುಹೋಯಿತು ಎಂದು ಕೂಡಿ ಎಂಟರಲ್ಲಿ ಎಷ್ಟು ಪಾಲು ಎಂದೂ ಹೇಳುತ್ತದೆ. ಅದನ್ನು ಕೂರಿಸಲು ಬಂದವನು ಶ್ರೀಕಂಠ, ಮೈಸೂರಿನ ಇಪ್ಪತ್ತೇಳು ವರ್ಷದ ಎಂಜಿನಿಯರ್. ಕೇಂದ್ರದ ಮಹಡಿಯ ಸುತ್ತ ತೆಂಗಿನಮರ, ತಂತಿ. ಆದ್ದರಿಂದ ಬಯಲಾಗಿಯೂ ಕರೆಂಟಿಗೆ ಹತ್ತಿರವಾಗಿಯೂ ಇದ್ದ ಒಂದು ಜಾಗ ಆರಿಸಿದ: ನೀರಿನೊಳಕ್ಕೆ ಉದ್ದಕ್ಕೆ ಚಾಚಿದ್ದ ಹಳೆಯ ಜೆಟ್ಟಿಯ ತುದಿ.

ಮೊದಲ ದಿನ ಹನ್ನೊಂದೂವರೆಗೆ ಚಂದ್ರಾವತಿ ಮಹಡಿ ಹತ್ತಿ ಬರೆದರು: ಮೋಡ ಎಂಟರಲ್ಲಿ ಮೂರು, ಅಡಿ ಸುಮಾರು 850 ಮೀಟರ್. ಕೆಳಗಿಳಿದು ಬಂದು ಯಂತ್ರದ ಪರದೆ ನೋಡಿದರು. ಸೊನ್ನೆ. ಮೋಡವೇ ಇಲ್ಲ.

ಮರುದಿನ ಅವರು ನಾಲ್ಕು ಬರೆದರು. ಯಂತ್ರ ಸೊನ್ನೆ ಎಂದಿತು. ಮೂರನೆಯ ದಿನ ಇವರು ಮೂರು, ಅದು ಸೊನ್ನೆ. ಶ್ರೀಕಂಠ ಗಾಜು ಒರೆಸಿದ, ತಂತಿ ಬಿಚ್ಚಿ ಕಟ್ಟಿದ. ಒಮ್ಮೆ ಒಂದು ಒಂಟಿ ಮೋಡ ದಾರಿ ತಪ್ಪಿದಂತೆ ಜೆಟ್ಟಿಯ ಮೇಲೆ ಬಂದಾಗ ಯಂತ್ರ ಕೂಡಲೇ 860 ಮೀಟರ್ ಎಂದು ತೋರಿಸಿತು. ಅಂದರೆ ಯಂತ್ರ ಸರಿಯಾಗಿಯೇ ಇತ್ತು.

"ಮೇಡಂ, ತಪ್ಪು ತಿಳ್ಕೋಬೇಡಿ" ಎಂದ ಶ್ರೀಕಂಠ ಕತ್ತು ಕೆರೆಯುತ್ತ. "ಇತ್ತೀಚೆಗೆ ಕಣ್ಣು ತೋರಿಸಿದ್ರಾ?"

ಹನ್ನೆರಡು ದಿನ ಹೀಗೇ ನಡೆದ ಮೇಲೆ ಮೇಲಿನಿಂದ ಒಂದು ಕಾಗದ ಬಂತು. ವೀಕ್ಷಕಿಯ ದಾಖಲೆಗಳು ಉಪಕರಣದ ದಾಖಲೆಗಳೊಂದಿಗೆ ತಾಳೆಯಾಗುತ್ತಿಲ್ಲ, ಒಂದು ತಿಂಗಳೊಳಗೆ ವಿವರಣೆ ಕೊಡತಕ್ಕದ್ದು. ಚಂದ್ರಾವತಿ ಅದನ್ನು ಮೂರು ಸಲ ಓದಿ ಮಡಚಿ ಚೀಲದಲ್ಲಿಟ್ಟುಕೊಂಡರು. ಸಂಜೆ ಅಡಿಗೆಮನೆಯಲ್ಲಿ ರಾಮದಾಸರ ಮುಂದೆ ಹಿಡಿದರು.

ರಾಮದಾಸರು ಕೋರ್ಟಿನ ಮನುಷ್ಯ. ಕನ್ನಡಕ ಮೇಲೆ ಮಾಡಿ ಓದಿ, "ಇದರಲ್ಲಿ ನೀನು ಸುಳ್ಳು ಹೇಳಿದಿ ಅಂತ ಎಲ್ಲಿಯೂ ಇಲ್ಲ. ತಾಳೆ ಆಗುದಿಲ್ಲ ಅಂತ ಮಾತ್ರ ಉಂಟು. ಇಬ್ಬರು ಸಾಕ್ಷಿಗಳು ಬೇರೆಬೇರೆ ಹೇಳಿದ್ರೆ ಇಬ್ಬರೂ ಸುಳ್ಳುಗಾರರು ಅಂತ ಆಗುದಿಲ್ಲ. ಯಾರು ಎಲ್ಲಿ ನಿಂತಿದ್ರು ಅಂತ ಮೊದಲು ಕೇಳ್ತಾರೆ" ಎಂದರು.

ಚಂದ್ರಾವತಿಗೆ ಆ ಮಾತು ಆಗ ತಲೆಗೆ ಹೋಗಲಿಲ್ಲ. ಅವರ ಚಿಂತೆಯೇ ಬೇರೆಯಿತ್ತು. ಇಪ್ಪತ್ತಮೂರು ವರ್ಷದಲ್ಲಿ ಎಷ್ಟು ಸಾವಿರ ಸಲ ಬರೆದಿರಬಹುದು! ಅದರಲ್ಲಿ ಕಂಡದ್ದೆಷ್ಟು, ಕಂಡಿತು ಅಂದುಕೊಂಡದ್ದೆಷ್ಟು? ಆ ಮೋಡಗಳೆಲ್ಲ ಕರಗಿಹೋಗಿವೆ, ಸಾಕ್ಷಿ ಹೇಳಲು ಒಂದೂ ಬರುವುದಿಲ್ಲ. ಮರುದಿನ ರಜೆ ಹಾಕಿ ಕಣ್ಣಿನ ಡಾಕ್ಟರ ಬಳಿಗೆ ಹೋದರು. ಡಾಕ್ಟರು ಗೋಡೆಯ ಕೊನೆಯ ಸಾಲಿನ ಅಕ್ಷರಗಳನ್ನೂ ಓದಿಸಿ, "ದೂರದ್ದು ಹದಿನೆಂಟರ ಹುಡುಗಿಯ ಹಾಗಿದೆ. ಹತ್ತಿರದ್ದಕ್ಕೆ ಮಾತ್ರ ಕನ್ನಡಕ ಬೇಕು" ಎಂದರು. ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಕಣ್ಣು ಸರಿಯಿದ್ದ ಮೇಲೆ ತಪ್ಪು ಇನ್ನೆಲ್ಲಿ?

ಅದರ ಮಾರನೆಯ ಬೆಳಿಗ್ಗೆ ಇಸ್ಮಾಯಿಲರ ಫೋನು. "ಅಕ್ಕ, ಹರಡ್ಬಹುದಾ?"

"ಗೊತ್ತಿಲ್ಲ" ಎಂದುಬಿಟ್ಟರು ಚಂದ್ರಾವತಿ.

"ನೀವು ಹೀಗೆ ಹೇಳಿದ್ರೆ ನಾನೆಂತ ಮಾಡುದು? ಅಂಗಳದಲ್ಲಿ ಆಳುಗಳು ಚೀಲ ಬಿಚ್ಚಿ ನಿಂತಿದ್ದಾರೆ. ಹುಷಾರಿಲ್ವಾ ಅಕ್ಕ?"

ಅವರ ದನಿಯಲ್ಲಿದ್ದ ಗಾಬರಿ ಕೇಳಿ ಚಂದ್ರಾವತಿಗೆ ನಾಚಿಕೆಯಾಯಿತು. ಅವತ್ತು ಭಾನುವಾರ, ಪಾಳಿ ಇರಲಿಲ್ಲ. ಸೀರೆ ಉಟ್ಟು, ಕೊಡೆ ಹಿಡಿದು, ಹತ್ತೂವರೆಯ ಬೋಟಿಗೆಂದು ಈ ದಡದ ಎರ್ನಾಕುಲಂ ಜೆಟ್ಟಿಗೆ ಹೋದರು. ಮಟ್ಟಾಂಚೇರಿಯಲ್ಲೇ ನಿಂತು ಅಲ್ಲಿನ ಆಕಾಶ ನೋಡಿ ಹೇಳಿದರಾಯಿತು ಎಂಬ ಲೆಕ್ಕ.

ಬೋಟಿನಲ್ಲಿ ಕಿಟಕಿಯ ಪಕ್ಕದ ಮರದ ಬೆಂಚು ಸಿಕ್ಕಿತು. ದಡ ಬಿಟ್ಟು ಐದು ನಿಮಿಷವಾಗಿರಬಹುದು, ಮುಖಕ್ಕೆ ಬಿಸಿಲು ಹೊಡೆಯಿತು. ಚಂದ್ರಾವತಿ ಕೊಡೆ ಬಿಡಿಸಲು ಹೋಗಿ ಕೈ ತಡೆದರು. ಮನೆಯಿಂದ ಜೆಟ್ಟಿಗೆ ನಡೆಯುವಾಗ ಬಿಸಿಲು ನೆರಳು, ಬಿಸಿಲು ನೆರಳು ಎಂದು ಮೋಡ ಹಾಯುತ್ತಲೇ ಇತ್ತಲ್ಲ, ಇಲ್ಲೇಕೆ ಬರೀ ಬಿಸಿಲು? ಕಿಟಕಿಯಿಂದ ಕತ್ತು ಹೊರಹಾಕಿ ಮೇಲೆ ನೋಡಿದರು.

ಹಿಂದೆ ಎರ್ನಾಕುಲದ ಕಟ್ಟಡಗಳ ಮೇಲೆ ಮೋಡಗಳ ಸಾಲು. ಮುಂದೆ ಮಟ್ಟಾಂಚೇರಿಯ ಹೆಂಚುಗಳ ಮೇಲೆ ಇನ್ನೊಂದು ಸಾಲು, ತೆಳ್ಳಗೆ. ಎಡಗಡೆ ವಿಲ್ಲಿಂಗ್ಡನ್ ದ್ವೀಪದ ಮೇಲೂ ನಾಲ್ಕಾರು. ನಡುವೆ ನೀರಿನ ಮೇಲೆ, ನೀರು ಹೇಗೆ ಹೇಗೆ ತಿರುಗಿತ್ತೋ ಹಾಗೇ ತಿರುಗಿ, ಒಂದು ನೀಲಿ ಓಣಿ. ಒಂದು ಚೂರು ಬಿಳಿಯೂ ಇಲ್ಲ.

ಗರುಡಗಳೂ ಅದನ್ನೇ ಹೇಳುತ್ತಿದ್ದವು. ದಡದ ಮೇಲಿನವು ರೆಕ್ಕೆ ಬಡಿಯದೆ ಸುತ್ತು ಹಾಕುತ್ತ ಏರುತ್ತಿದ್ದವು; ಅವನ್ನು ಎತ್ತುತ್ತಿದ್ದುದು ಕೆಳಗಿನಿಂದ ಏಳುವ ಬಿಸಿ ಗಾಳಿ. ನೀರು ದಾಟುವಾಗ ಅವೇ ಗರುಡಗಳು ಪಟಪಟ ರೆಕ್ಕೆ ಬಡಿಯುತ್ತಿದ್ದವು. ಅಲ್ಲಿ ಎತ್ತುವ ಗಾಳಿ ಇರಲಿಲ್ಲ.

"ಅಯ್ಯೋ ನನ್ನ ಬುದ್ಧಿಯೇ!" ಎಂದರು ಚಂದ್ರಾವತಿ, ಜೋರಾಗಿಯೇ. ಪಕ್ಕದಲ್ಲಿ ಮೀನಿನ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸು ತಿರುಗಿ ನೋಡಿದಳು.

ನೆಲ ಬೇಗ ಕಾಯುತ್ತದೆ, ನೀರು ಕಾಯುವುದಿಲ್ಲ. ನೀರಿನ ಮೇಲೆ ಗುಳ್ಳೆ ಏಳುವುದಿಲ್ಲ. ದಡದಲ್ಲಿ ಎದ್ದ ಗಾಳಿ ಬದಿಗೆ ಸರಿದು ನೀರಿನ ಮೇಲೆಯೇ ಮೆಲ್ಲಗೆ ಇಳಿಯುತ್ತದೆ, ಅಲ್ಲಿಗೆ ಬಂದ ಚೂರುಪಾರು ಮೋಡವೂ ಕರಗುತ್ತದೆ. ಇದು ಅವರಿಗೆ ತಿಳಿಯದ ವಿಷಯವಲ್ಲ, ಪುಸ್ತಕದಲ್ಲಿ ಓದಿದ್ದೇ. ಆದರೆ ಮಹಡಿಯಿಂದ ಇಡೀ ಆಕಾಶವನ್ನು ಒಟ್ಟಿಗೆ ನೋಡುವವರಿಗೆ ಓಣಿ ಓಣಿಯಾಗಿ ಕಾಣುವುದಿಲ್ಲ, ಮೋಡಗಳ ನಡುವಿನ ಸಂದಿಯಷ್ಟೇ. ಯಂತ್ರವೋ ಜೆಟ್ಟಿಯ ತುದಿಯಲ್ಲಿ ನಿಂತು ಸೂಜಿಯ ಹಾಗೆ ಆ ಓಣಿಯನ್ನೇ ಚುಚ್ಚುತ್ತಿತ್ತು. ಅದು ಕಂಡದ್ದನ್ನು ಹೇಳಿತ್ತು, ಇವರೂ ಕಂಡದ್ದನ್ನೇ ಬರೆದಿದ್ದರು.

ಮಟ್ಟಾಂಚೇರಿಯಲ್ಲಿ ಇಳಿದವರೇ ಗೋದಾಮಿಗೆ ನಡೆದು, "ಹರಡಿ, ಹರಡಿ! ಒಂದು ಹನಿ ಬಿದ್ರೆ ನನ್ನ ಹೆಸರು ಬದಲಿಸಿ" ಎಂದರು. ಇಸ್ಮಾಯಿಲ್ ಚಂದ್ರಾವತಿಯವರ ಮುಖ ನೋಡಿ ಚಹಾ ತರಿಸಿದರು.

ಸೋಮವಾರ ಶ್ರೀಕಂಠನನ್ನು ಹಿಡಿದುಕೊಂಡರು. "ನಾಳೆಯಿಂದ ಹನ್ನೊಂದರ ಬೋಟಿಗೆ ನನ್ನ ಜೊತೆ ಬರ್ಬೇಕು. ನೀವು ದಡದಿಂದ ದಡಕ್ಕೆ ಪ್ರತಿ ಎರಡು ನಿಮಿಷಕ್ಕೊಂದು ಸಲ ನೆಟ್ಟಗೆ ತಲೆಯ ಮೇಲೆ ನೋಡಿ. ಮೋಡ ಉಂಟಾ ಇಲ್ವಾ, ಅಷ್ಟೇ ಬರೀರಿ. ನಾನು ಬರೆಯುದಿಲ್ಲ. ನನ್ನ ಕಣ್ಣಿನ ಮೇಲೆ ಅನುಮಾನ ಉಂಟಲ್ಲ."

"ಮೇಡಂ, ಅದು ನಾನು ಸುಮ್ನೆ..."

"ಸುಮ್ನೆ ಹೇಳಿದ್ದಾದ್ರೂ ಸರಿಯೇ ಹೇಳಿದ್ದು. ಬನ್ನಿ."

ಬೇರೊಬ್ಬ ವೀಕ್ಷಕ ಮಹಡಿಯ ಪಾಳಿ ನೋಡಿಕೊಂಡ. ಇವರಿಬ್ಬರೂ ಹದಿನಾಲ್ಕು ದಿನ ಬೋಟಿನಲ್ಲಿ ಓಡಾಡಿದರು. ಶ್ರೀಕಂಠ ಮೊದಲೆರಡು ದಿನ ಮುಜುಗರದಿಂದ ಬಂದ. ಮೂರನೆಯ ದಿನ ಅವನೇ ಮೊದಲು ಬಂದು ಟಿಕೆಟ್ ತೆಗೆದಿದ್ದ. ಐದನೆಯ ದಿನ ಕತ್ತು ಹಿಡಿದುಕೊಂಡಿತು. ಇಸ್ಮಾಯಿಲ್ ಗೋದಾಮಿನಿಂದ ಯಾವುದೋ ಎಣ್ಣೆ ಕೊಟ್ಟು ತಿಕ್ಕಿಸಿದರು. ಬೋಟಿನ ಕಂಡಕ್ಟರು ಇವರಿಗೆ ಮೋಡದವರು ಎಂದೇ ಹೆಸರಿಟ್ಟ. ಒಂದೆರಡು ದಿನ ಪ್ರಯಾಣಿಕರೂ ಕಿಟಕಿಯಿಂದ ತಲೆ ಹೊರಹಾಕಿ ಮೇಲೆ ನೋಡಿದರು.

ಹದಿನಾಲ್ಕು ದಿನದ ಪಟ್ಟಿ ಹೀಗಿತ್ತು: ಎರಡೂ ದಡಗಳ ಮೇಲೆ ನೋಡಿದ ಪ್ರತಿ ಮೂರು ಸಲದಲ್ಲಿ ಒಂದು ಸಲ ಮೋಡ; ನಡು ಕಾಯಲಿನಲ್ಲಿ ಇಡೀ ಹದಿನಾಲ್ಕು ದಿನಕ್ಕೆ ಎರಡೇ ಸಲ. ಕೊನೆಯ ದಿನ ಶ್ರೀಕಂಠ ಪಟ್ಟಿಯ ಕೆಳಗೆ ತಾನಾಗಿ ಸಹಿ ಹಾಕಿದ. "ಜಾಗ ಆರಿಸಿದ್ದು ನಾನೇ ಮೇಡಂ. ಅದನ್ನೂ ಬರೆದಿದೀನಿ" ಎಂದ. ಚಂದ್ರಾವತಿ ಆ ಸಾಲನ್ನು ಓದಿ ಪಟ್ಟಿಯನ್ನು ಚೀಲದಲ್ಲಿಟ್ಟುಕೊಂಡರು. ಮರುದಿನ ಅವನಿಗೆ ಒಂದು ಡಬ್ಬಿ ಪತ್ರೊಡೆ ತಂದರು.

ವಿವರಣೆ ಓದಿದ ಹಿರಿಯ ಅಧಿಕಾರಿಯೊಬ್ಬರು ಫೆಬ್ರವರಿಯ ಕೊನೆಯಲ್ಲಿ ತಿರುವನಂತಪುರದಿಂದ ಬಂದರು. ಮಾತು ಕಡಿಮೆ. ಬೋಟಿನಲ್ಲಿ ಹೋಗುವಾಗ ಒಂದು, ಬರುವಾಗ ಒಂದು ಪಳಂಪೊರಿ ತಿಂದರು. ಬಾಳೆಹಣ್ಣಿನ ಆ ಬಜ್ಜಿಯ ಎಣ್ಣೆ ಕರವಸ್ತ್ರಕ್ಕೆ ಒರೆಸಿಕೊಳ್ಳುತ್ತ ಎರಡು ಸಲವೂ ಮೇಲೆ ನೋಡಿದರು. ದಡ ಮುಟ್ಟಿದ ಮೇಲೆ ಶ್ರೀಕಂಠನಿಗೆ ಇಷ್ಟೇ ಹೇಳಿದರು: "ಯಂತ್ರ ಎತ್ತಿ."

ಯಂತ್ರ ಆರು ಕಿಲೋಮೀಟರು ಪೂರ್ವಕ್ಕೆ, ಒಂದು ಸರಕಾರಿ ಉಗ್ರಾಣದ ಹಿಂದಿನ ಬಯಲಿಗೆ ಹೋಯಿತು. ಅಲ್ಲಿ ಕೂತ ಮೊದಲ ದಿನವೇ ಎಂಟರಲ್ಲಿ ಮೂರು, 880 ಮೀಟರ್ ಎಂದಿತು. ಚಂದ್ರಾವತಿ ಮೂರು, 850 ಎಂದು ಬರೆದಿದ್ದರು. "ಮೂವತ್ತು ಮೀಟರ್ ವ್ಯತ್ಯಾಸ" ಎಂದ ಶ್ರೀಕಂಠ ಫೋನಿನಲ್ಲಿ. "ಅದು ಅಲ್ಲಿಯದ್ದು, ಇದು ಇಲ್ಲಿಯದ್ದು. ನೀರಿನ ಹತ್ತಿರ ಗಾಳಿಗೆ ತೇವ ಜಾಸ್ತಿ, ಮೋಡ ಸ್ವಲ್ಪ ಕೆಳಗೇ ಕಟ್ತದೆ" ಎಂದರು ಚಂದ್ರಾವತಿ. ಅವನು ಅರ್ಧ ಗಂಟೆ ಬಿಟ್ಟು ಮತ್ತೆ ಫೋನ್ ಮಾಡಿ, "ಲೆಕ್ಕ ಹಾಕ್ದೆ ಮೇಡಂ. ಸರಿಯಾಗಿದೆ" ಎಂದ.

ಇಲಾಖೆಯಿಂದ ಮೆಚ್ಚುಗೆಯ ಪತ್ರವೇನೂ ಬರಲಿಲ್ಲ. ವಿವರಣೆ ಒಪ್ಪಿದೆ, ಕಡತ ಮುಕ್ತಾಯಗೊಳಿಸಿದೆ ಎಂಬ ಒಂದು ಸಾಲು ಬಂತು. ರಾಮದಾಸರು ಅದನ್ನು ಓದಿ, "ಕೋರ್ಟಿನಲ್ಲಿ ಇದಕ್ಕೆ ಗೌರವಪೂರ್ವಕ ಖುಲಾಸೆ ಅಂತಾರೆ" ಎಂದರು. ಅವತ್ತು ರಾತ್ರಿಯ ಊಟಕ್ಕೆ ಅವರೇ ಹೋಗಿ ಅಡಪ್ರಥಮನ್ ಪಾಯಸ ತಂದರು.

ಆದರೆ ಆ ಹಿರಿಯ ಅಧಿಕಾರಿ ಮರೆತಿರಲಿಲ್ಲ. 2007ರ ಡಿಸೆಂಬರಿನಲ್ಲಿ, ಹೊಸದಾಗಿ ಸೇರಿದ ವೀಕ್ಷಕರಿಗೆ ಎರಡು ದಿನ ಪಾಠ ಮಾಡಲು ಬರಬೇಕು ಎಂದು ತಿರುವನಂತಪುರದಿಂದ ಚಂದ್ರಾವತಿಗೆ ಕರೆ ಬಂತು. ದೀಪ್ತಿ ಆಗಷ್ಟೇ ತಿರುವನಂತಪುರದ ಹತ್ತಿರದ ಕಳಕ್ಕೂಟಂನ ಐಟಿ ಪಾರ್ಕಿನಲ್ಲಿ ಕೆಲಸಕ್ಕೆ ಸೇರಿ ರಜೆಗೆ ಮನೆಗೆ ಬಂದಿದ್ದಳು. ಅಮ್ಮ ರೈಲಿನಲ್ಲಿ ಹೋಗಕೂಡದು, ನಾವಿಬ್ಬರೂ ವಿಮಾನದಲ್ಲೇ ಹೋಗೋಣ ಎಂದು ಹಟ ಹಿಡಿದಳು. ಚಂದ್ರಾವತಿ ಅಷ್ಟರವರೆಗೆ ವಿಮಾನ ಹತ್ತಿದವರಲ್ಲ.

ಬೆಳಿಗ್ಗೆ ಹನ್ನೊಂದಕ್ಕೆ, ಎರಡು ಪಂಖದ ಸಣ್ಣ ವಿಮಾನ ಕೊಚ್ಚಿಯ ನೆಡುಂಬಾಶ್ಶೇರಿ ನಿಲ್ದಾಣದಿಂದ ಎದ್ದಿತು. ಎದ್ದದ್ದೇ ಕುಲುಕಾಟ. ದೀಪ್ತಿ ಸೀಟಿನ ಕೈ ಗಟ್ಟಿ ಹಿಡಿದು ಕಣ್ಣು ಮುಚ್ಚಿದಳು.

"ಹೆದರ್ಬೇಡ ಮಗಾ. ಇದು ಬಿಸಿ ಗಾಳಿಯ ಗುಳ್ಳೆ. ಈಗ ಒಂದರ ಮೈಮೇಲೆ ಹೋದೆವು. ಈಗ ಅದರ ಆಚೆಗೆ ಇಳಿದೆವು. ನೋಡು, ಇನ್ನೊಂದು ಬಂತು..."

"ಮದಿ ಅಮ್ಮೇ!" ಸಾಕಮ್ಮ ಎಂದಳು ಮಗಳು, ಕಣ್ಣು ತೆರೆಯದೆ.

ಚಂದ್ರಾವತಿ ಕಿಟಕಿಗೆ ಹಣೆ ಒತ್ತಿದರು. ಮೋಡಗಳ ಅಡಿಗಳೆಲ್ಲ ಒಂದೇ ಮಟ್ಟದಲ್ಲಿ, ಯಾರೋ ಗಾಜಿನ ಹಾಳೆಯ ಮೇಲೆ ಜೋಡಿಸಿಟ್ಟ ಹಾಗೆ ಕಣ್ಣಿನ ನೇರಕ್ಕೆ ಬಂದವು. ಮರುಕ್ಷಣ ಕಿಟಕಿಯೆಲ್ಲ ಬೆಳ್ಳಗಾಯಿತು. ಒಂದು, ಎರಡು, ಮೂರು ಎಂದು ಎಣಿಸಿದರು. ಏಳಕ್ಕೆ ಥಟ್ಟನೆ ಬಿಸಿಲು. ವಿಮಾನ ಮೇಲಿನ ಪದರಕ್ಕೆ ಬಂದಿತ್ತು, ಕುಲುಕಾಟ ಒರೆಸಿಹಾಕಿದ ಹಾಗೆ ನಿಂತಿತು. ಕೆಳಗೆ ಆಲಪ್ಪುಳದ ತನಕ ಬಿಳಿ ತಲೆಗಳು, ಅವುಗಳ ಅಡಿಯಲ್ಲಿ ಗದ್ದೆಯ ಮೇಲೆ ಅವುಗಳದೇ ನೆರಳಿನ ಚುಕ್ಕೆಗಳು. ಗಗನಸಖಿ ಕಾಫಿ ಬೇಕೇ ಎಂದು ಎರಡು ಸಲ ಕೇಳಿದ್ದು ಅವರಿಗೆ ಕೇಳಿಸಲೇ ಇಲ್ಲ. ದೀಪ್ತಿಯೇ ಕಣ್ಣು ಬಿಟ್ಟು ತೆಗೆದುಕೊಂಡಳು.

ಮಧ್ಯಾಹ್ನ ತರಗತಿಯಲ್ಲಿ ಒಂಬತ್ತು ಜನ ಹೊಸಬರಿದ್ದರು. ಪಾಠ ಶುರುವಾಗುವ ಮೊದಲೇ ಚಂದ್ರಾವತಿ ತಾವು ಬೆಳಿಗ್ಗೆ ಮೋಡದೊಳಗೆ ಹಾದುಬಂದ ಸುದ್ದಿ ಹೇಳಿಬಿಟ್ಟರು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕೈಯೆತ್ತಿ, "ಒಳಗೆ ಏನು ಕಾಣಿಸಿತು ಮೇಡಂ?" ಎಂದು ಕೇಳಿದಳು.

"ಏನೂ ಕಾಣಿಸಲಿಲ್ಲ" ಎಂದರು ಚಂದ್ರಾವತಿ, ಇನ್ನೂ ನಗುತ್ತಲೇ. "ಏಳು ಸೆಕೆಂಡು ಬರೀ ಬಿಳಿ. ಬಹಳ ಚೆನ್ನಾಗಿತ್ತು."

ಹಿಂದಿರುಗುವಾಗ ಅವರು ಕಿಟಕಿಯಿಂದ ಮೋಡಗಳ ಅಡಿ ನೋಡುತ್ತ ರೈಲಿನಲ್ಲೇ ಬಂದರು.